ಹನ್ನೊಂದು ಹತ್ತಕ್ಕೆ ನೀರು

"ಮೊದಲು ಯಾವುದು ಮಾಡ್ದೆ, ಅದನ್ನ ಹೇಳು! ಮದ್ದೋ, ನೀರೋ?"

ಸೂಜಿಯಮ್ಮ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಒಂದು ಕಾಲು ಹೊಸಿಲೊಳಗೆ, ಇನ್ನೊಂದು ಹೊರಗೆ. ಕೈಯಲ್ಲಿ ಮೊಮ್ಮಗನಿಗೆಂದು ಹೆಣೆದು ತಂದಿದ್ದ ಉಣ್ಣೆಯ ಟೋಪಿ. ಮಗಳು ಬಾಗಿಲಿಗೆ ಅಡ್ಡ ನಿಂತು ಒಂದು ಹಳದಿ ಕಾರ್ಡನ್ನು ಅವಳ ಮೂಗಿನ ಮುಂದೆ ಹಿಡಿದಿದ್ದಳು.

"ಒಳಗೆ ಬರೋಕಾದ್ರೂ ಬಿಡ್ತೀಯೋ ಇಲ್ವೋ? ನಾನೇನು ಹಾಲು ಮಾರೋಳಾ, ಬಾಗಿಲಲ್ಲೇ ಅಳೆದು ಹೋಗೋಕೆ?"

"ಬಾ. ಬಂದು ಹೇಳು."

ಅದು ಆಸ್ಪತ್ರೆಯ ಕಾರ್ಡು. ಎಳೆಗೂಸುಗಳ ವಾರ್ಡಿನಲ್ಲಿ ತೊಟ್ಟಿಲ ಕಾಲಿಗೆ ಕಟ್ಟಿರುವಂಥದ್ದು. ಮಗು ಮನೆಗೆ ಹೊರಟಾಗ ಅದನ್ನು ನಡುವೆ ಮಡಚಿ ತಾಯಿಯ ಕೈಗೆ ಕೊಡುತ್ತಾರೆ, ಲಸಿಕೆಗೆ ಬರುವಾಗ ತರಲಿ ಎಂದು. ಯಾವ ಹೊತ್ತಿಗೆ ಎಷ್ಟು ಹಾಲು, ಎಷ್ಟು ಜ್ವರ, ಯಾವ ಮದ್ದು, ಎಲ್ಲವೂ ಅದರಲ್ಲಿ ಸೂಜಿಯಮ್ಮನ ಮೊಳೆ ಹೊಡೆದಂಥ ಅಕ್ಷರದಲ್ಲಿತ್ತು. ಇಪ್ಪತ್ತೆಂಟು ವರ್ಷದಿಂದ ಆ ವಾರ್ಡಿನ ನರ್ಸು ಅವಳು. ದಾರದಷ್ಟು ಸಣ್ಣ ನರಕ್ಕೂ ಒಂದೇ ಸಲಕ್ಕೆ ಸೂಜಿ ಇಳಿಸುತ್ತಾಳೆಂದು ಬಾಣಂತಿಯರು ಇಟ್ಟ ಹೆಸರು ಸೂಜಿಯಮ್ಮ. ನಾಲಿಗೆಯೂ ಅಷ್ಟೇ ಚೂಪು ಎಂದು ಆಯಾಗಳು ಸೇರಿಸುತ್ತಿದ್ದರು, ಅವಳಿಗೆ ಕೇಳಿಸದಷ್ಟು ದೂರದಲ್ಲಿ.

ಆ ಕಾರ್ಡಿನ ಮೂರನೇ ದಿನದ ಲೆಕ್ಕದಲ್ಲಿ, ಹನ್ನೊಂದು ಹತ್ತು ಎಂಬ ಹೊತ್ತಿನ ಮುಂದೆ, ಕೆಂಪು ಪೆನ್ಸಿಲಿನ ಒಂದು ಪುಟ್ಟ ಶಿಲುಬೆ. ಅದರ ಕೆಳಗಿನ ಸಾಲಿನಲ್ಲಿ, ಹನ್ನೊಂದು ಹನ್ನೊಂದಕ್ಕೆ, ಹೃದಯದ ಮದ್ದು.

ಐದು ತಿಂಗಳಿಂದ ಮಗಳು ಆ ಗುರುತನ್ನು ನೋಡುತ್ತಲೇ ಇದ್ದಳು. ಗಂಡಾಂತರ ಕಳೆಯಿತು ಎನ್ನುವ ಗುರುತಿರಬೇಕು ಎಂದುಕೊಂಡಿದ್ದಳು. ಇವತ್ತು ಬೆಳಿಗ್ಗೆ ಲಸಿಕೆ ಹಾಕುವ ನರ್ಸು ಕಾರ್ಡು ನೋಡಿ ಹಲ್ಲು ಕಿರಿದಿದ್ದಳು. "ಓ, ನಿಮ್ಮ ಪಾಪುಗೆ ಜ್ಞಾನಸ್ನಾನ ಆಗೇ ಹೋಗಿದೆ! ಉಳಿಯಲ್ಲ ಅನ್ನೋ ಮಕ್ಕಳಿಗೆ ನಿಮ್ಮಮ್ಮ ನೀರು ಹಾಕಿದ್ರೆ ಹೀಗೇ ಗುರುತು ಹಾಕೋದು. ಇನ್ನೊಬ್ಬರು ಎರಡನೇ ಸಲ ಹಾಕಬಾರದು ನೋಡಿ."

ಲಸಿಕೆಯವಳು ಒಳ್ಳೆಯ ಮಾತಿಗೇ ಹೇಳಿದ್ದು. ಆದರೆ ಆ ಮಾತು ಬಿದ್ದದ್ದು ಸೀಮೆಎಣ್ಣೆಯ ಡಬ್ಬಿಯೊಳಗೆ.

ಯಾಕೆಂದರೆ ಈ ಮನೆಯಲ್ಲಿ ನೀರಿನ ಜಗಳ ಹಳೆಯದು. ಸೂಜಿಯಮ್ಮನದು ಹಳೇ ಕಲ್ಲಿನ ಚರ್ಚು. ಅಲ್ಲಿ ಹುಟ್ಟಿದ ಎಂಟು ದಿನಕ್ಕೆ, ದೇವರ ಮಗುವಾಗಲಿ ಎಂದು, ತಲೆಗೆ ನೀರು ಹಾಕಿಸುತ್ತಾರೆ; ಅದೇ ಜ್ಞಾನಸ್ನಾನ. ಮಗಳಿಗೂ ಹಾಗೇ ಹಾಕಿಸಿದ್ದಳು. ಆ ಮಗಳು ದೊಡ್ಡವಳಾಗಿ, ಹಳೆಯ ಟಯರ್ ಗೋದಾಮಿನಲ್ಲಿ ಸೇರುವ ಸಭೆಗೆ ಹೋಗತೊಡಗಿದಳು. ಅವರದು ಬೇರೆ ಲೆಕ್ಕ. ಬುದ್ಧಿ ಬಂದು, ನಾನು ನಂಬಿದ್ದೇನೆಂದು ತನ್ನ ಬಾಯಲ್ಲೇ ಹೇಳಿದವನಿಗೆ ಮಾತ್ರ ನೀರು. ಅದೂ ಹನಿ ಅಲ್ಲ, ತೊಟ್ಟಿಯಲ್ಲಿ ಪೂರ್ತಿ ಮುಳುಗಿಸುವುದು. ಕೂಸಿಗೆ ನೀರು ಹಾಕಿದರೆ ಅದು ನೀರು ಹಾಕಿದ್ದು ಮಾತ್ರ, ಬೇರೇನೂ ಅಲ್ಲ ಎನ್ನುತ್ತಾರೆ. ಇಪ್ಪತ್ತೆರಡನೇ ವಯಸ್ಸಿಗೆ ಮಗಳು ಆ ತೊಟ್ಟಿಗಿಳಿದು ಎದ್ದು ಬಂದಳು. ತೊಟ್ಟಿಗೆ ಪೈಪು ಹಾಕಿ ನಲ್ಲಿ ಕೂರಿಸಿದವನನ್ನೇ ಮದುವೆಯೂ ಆದಳು. ಅವತ್ತು ಸೂಜಿಯಮ್ಮ ಅಂದದ್ದು ಒಂದೇ ಮಾತು: "ನಾನು ಕೊಟ್ಟದ್ದನ್ನ ತೊಳ್ಕೊಂಡು ಬಂದ್ಯಾ?" ಆ ಮಾತು ಏಳು ವರ್ಷದಿಂದ ಇಬ್ಬರ ಗಂಟಲಲ್ಲೂ ಮುಳ್ಳಿನ ಹಾಗೆ ನಿಂತಿತ್ತು.

ಮಗು ಹುಟ್ಟಿದ ಮೇಲೆ ಆ ಮುಳ್ಳು ಸ್ವಲ್ಪ ಮೆತ್ತಗಾಗಿತ್ತು. ಪ್ರತಿ ಗುರುವಾರ ಸೂಜಿಯಮ್ಮನಿಗೆ ರಜ. ಬೆಳಿಗ್ಗೆ ಬಂದು ಮಗುವನ್ನು ನೋಡಿಕೊಳ್ಳುತ್ತಿದ್ದಳು. ಮಗಳು ಅಷ್ಟು ಹೊತ್ತು ಹೊಲಿಗೆ ಮಿಷನ್ನಿನ ಮುಂದೆ ಕೂತು ಶಾಲೆಯ ಅಂಗಿಗಳನ್ನು ಹೊಲಿಯುತ್ತಿದ್ದಳು. ಮುದುಕಿಗೆ ವಾರದ ಆರು ದಿನ ಬೇರೆಯವರ ಮಕ್ಕಳು, ಏಳನೇ ದಿನ ತನ್ನದು.

ಇವತ್ತು ಗುರುವಾರವೇ. ಬೆಳಿಗ್ಗೆ ಲಸಿಕೆಯ ಸರತಿ ಇದ್ದದ್ದರಿಂದ ಸೂಜಿಯಮ್ಮನಿಗೆ ಮಧ್ಯಾಹ್ನ ಬಾ ಎಂದಿದ್ದಳು ಮಗಳು. ಬಂದಳು.

ಮಿಷನ್ನಿನ ಮೇಲೆ ಅರ್ಧ ಹೊಲಿದ ಅಂಗಿ, ಸೂಜಿ ಬಟ್ಟೆಯಲ್ಲಿ ಚುಚ್ಚಿಕೊಂಡೇ ನಿಂತಿತ್ತು. ನೆಲದಲ್ಲಿ ಕಾಲರುಗಳ ರಾಶಿ. ಕಿಟಕಿಯ ಪಕ್ಕ ಚಾಪೆಯ ಮೇಲೆ ಮಗು ಚುಚ್ಚಿಸಿಕೊಂಡ ತೊಡೆ ಮಡಚಲಾರದೆ ಕುಂಯ್ಗುಡುತ್ತಿತ್ತು. ಅಳಿಯ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದ. ಕೂರಲು ಕುರ್ಚಿಯಿದ್ದರೂ ತನ್ನ ಸ್ಪ್ಯಾನರುಗಳ ಪೆಟ್ಟಿಗೆಯ ಮೇಲೆ ಕೂತಿದ್ದ. ಬೆರಳಿಗೆ ಪೈಪಿನ ಅಂಟು ಹತ್ತಿತ್ತು.

"ನನ್ನ ಮಗನಿಗೆ ನೀರು ಹಾಕು ಅಂತ ನಿನಗ್ಯಾರು ಹೇಳಿದ್ರು?" ಎಂದಳು ಮಗಳು.

"ಯಾರೂ ಹೇಳ್ಬೇಕಾಗಿಲ್ಲ. ಸಾಯೋ ಮಗುವಿಗೆ ಯಾರು ಬೇಕಾದ್ರೂ ಹಾಕ್ಬಹುದು. ಪಾದ್ರಿಯೇ ಆಗ್ಬೇಕು ಅಂತಿಲ್ಲ. ಗುಡಿಸೋಳು ಹಾಕಿದ್ರೂ ಆಗುತ್ತೆ."

"ಹಾಕ್ಬಹುದಾ ಅಂತ ಕೇಳ್ತಿಲ್ಲ. ಯಾರು ಹೇಳಿದ್ರು ಅಂತ ಕೇಳ್ದೆ."

ಅಳಿಯ ನಡುವೆ ಬಾಯಿ ಹಾಕಿದ. "ಅತ್ತೆ, ನಂಬಿದವನಿಗೆ ನೀರು. ಮೂರು ದಿನದ ಕೂಸು ಏನನ್ನ ನಂಬುತ್ತೆ? ಹಾಲನ್ನ ನಂಬುತ್ತೆ, ಅಷ್ಟೆ."

"ಅಳಿಯಂದಿರೇ, ಇವತ್ತು ಅವನ ತೊಡೆಗೆ ಚುಚ್ಚಿಸ್ಕೊಂಡು ಬಂದ್ರಲ್ಲ. ಅವನನ್ನ ಕೇಳಿದ್ರಾ? ಅಪ್ಪಾ, ಲಸಿಕೆ ಮೇಲೆ ನಿನಗೆ ನಂಬಿಕೆ ಬಂತಾ, ಹದಿನೆಂಟು ತುಂಬಲಿ ಆಮೇಲೆ ಹಾಕ್ಸೋಣ್ವಾ ಅಂತ?"

ಅಳಿಯನಿಗೆ ನಗು ಬಂತು, ಹೆಂಡತಿಯ ಮುಖ ನೋಡಿ ನುಂಗಿಕೊಂಡ.

"ಲಸಿಕೆ ಕಾಯಿಲೆಗೆ," ಎಂದಳು ಮಗಳು. "ಇದು ದೇವರಿಗೆ ಕೊಡೋ ಮಾತು. ಅವನ ಮಾತು ಅವನ ಬಾಯಿಂದ ಬರ್ಬೇಕು. ನೀನು ಅವನ ಬಾಯಿ ಕಿತ್ಕೊಂಡೆ."

"ಕಿತ್ಕೊಂಡೆನಾ? ನೀಲಿ ಬಣ್ಣಕ್ಕೆ ತಿರುಗಿತ್ತು ಆ ಬಾಯಿ! ನೀನು ನೋಡಿದ್ಯಾ? ನಾನು ನೋಡಿದ್ದೀನಿ. ದೇವರಿಗೆ ಮಾತು ಕೊಡೋಕೆ ಉಸಿರು ಬೇಡ್ವೇನೇ?"

"ನಾನು ಹೇಗೆ ನೋಡ್ಲಿ? ಎರಡು ಬಾಗಿಲಾಚೆ ಮಲಗಿದ್ದೆ. ಎರಡೇ ಬಾಗಿಲು, ಅಮ್ಮ. ಬೇರೆ ಮಕ್ಕಳಿಗೆ ಹಾಕೋವಾಗ ತಾಯಿಯನ್ನ ಕೇಳ್ದೆ ಹಾಕಲ್ಲ ಅಂತ ಊರೆಲ್ಲ ಹೇಳ್ಕೊಂಡು ಬರ್ತೀಯ. ಹೊಲಸು ಬೀದಿಯಿಂದ ಬಂದೋಳನ್ನೂ ಕೇಳ್ತೀಯ. ನನ್ನನ್ನ ಮಾತ್ರ ಕೇಳ್ಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ!"

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ!"

"ಅದಕ್ಕೇ ಕೇಳ್ಲಿಲ್ಲ."

ಇಷ್ಟು ನೇರವಾಗಿ ಬರುತ್ತದೆಂದು ಮಗಳು ಎಣಿಸಿರಲಿಲ್ಲ. ಕಾರ್ಡನ್ನು ಮಿಷನ್ನಿನ ಹಲಗೆಯ ಮೇಲೆ ಬಡಿದು ಬಿಡಿಸಿದಳು.

"ಸರಿ. ಹಾಕಿದ್ದು ಹಾಕ್ದೆ. ಈಗ ಇದನ್ನ ಓದು. ಹನ್ನೊಂದು ಹತ್ತಕ್ಕೆ ನೀರು. ಹನ್ನೊಂದು ಹನ್ನೊಂದಕ್ಕೆ ಮದ್ದು. ಇದು ನಿನ್ನ ಕೈಬರಹ. ಬರೆಯದ ಕೆಲಸ ಮಾಡದ ಕೆಲಸ ಅನ್ನೋಳು ನೀನು. ಎದೆ ನಿಂತ ಮಗುವಿಗೆ ಒಂದು ನಿಮಿಷ ಮದ್ದು ಕೊಡ್ದೆ ಪ್ರಾರ್ಥನೆ ಮಾಡ್ತಾ ನಿಂತಿದ್ಯಾ?"

"ಒಂದು ನಿಮಿಷ ಅಲ್ಲ!" ಸೂಜಿಯಮ್ಮ ಅರಚಿದಳು. ಮಗು ಬೆಚ್ಚಿ ಅಳಲು ಶುರುಮಾಡಿತು. "ಗಡಿಯಾರದ ಮುಳ್ಳು ಹತ್ತರಿಂದ ಹನ್ನೊಂದಕ್ಕೆ ಆಗತಾನೇ ಜರುಗ್ತು, ಅಷ್ಟೆ. ನೋಡಿದ್ದನ್ನ ಬರ್ದೆ. ಚಿಕ್ಕ ಡಾಕ್ಟರಮ್ಮ ಮುಖಕ್ಕೆ ಗಾಳಿ ಒತ್ತುತ್ತಿದ್ಲು, ಇನ್ನೊಬ್ಬ ಸಿಸ್ಟರು ಎದೆ ಒತ್ತುತ್ತಿದ್ಲು. ಮಗುವನ್ನ ಯಾರೂ ಕೈಬಿಟ್ಟಿರಲಿಲ್ಲ. ಮದ್ದು ನನ್ನ ಪಾಲಿಗಿತ್ತು. ಆ ಮದ್ದನ್ನ ಹಾಗೇ ಕೊಡೋಕಾಗಲ್ಲ, ಕೂಸಿಗೆ ತಡೆಯಲ್ಲ. ಒಂದು ಪಾಲು ಮದ್ದಿಗೆ ಒಂಬತ್ತು ಪಾಲು ನೀರು ಬೆರೆಸ್ಬೇಕು. ನೀರು ಎಳೀಲೇಬೇಕಿತ್ತು. ಎಳ್ದೆ. ಅದೇ ಸಿರಿಂಜಿಂದ ಹಣೆಗೆ ಬಿಟ್ಟೆ. ಉಳಿದ ಒಂಬತ್ತಕ್ಕೆ ಮದ್ದು ಸೇರ್ಸಿ ಕೊಟ್ಟೆ. ಅದೇ ನೀರು, ತಿಳ್ಕೋ. ಹಣೆಗೆ ಹೋದದ್ದೂ ಅದೇ, ರಕ್ತಕ್ಕೆ ಹೋದದ್ದೂ ಅದೇ."

"ಒಂಬತ್ತು ಸಾಕಾಗಿದ್ರೆ ಎಷ್ಟು ಎಳೆದ್ರಿ?" ಎಂದ ಅಳಿಯ. ಅವನಿಗೆ ಅಳತೆಯ ಮಾತು ಬಂದರೆ ಕಿವಿ ನೆಟ್ಟಗಾಗುತ್ತಿತ್ತು.

ಸೂಜಿಯಮ್ಮ ಅವನ ಕಡೆ ತಿರುಗಿದಳು. "ಹತ್ತು."

"ಅಂದ್ರೆ ಮೊದಲೇ ಒಂದು ಜಾಸ್ತಿ ಎಳೆದ್ರಿ."

"ಎಳ್ದೆ ಕಣಯ್ಯ! ಮೀಸೆ ಬಂದೋನು ದೊಡ್ಡ ಪತ್ತೇದಾರಿ ಮಾಡ್ದೆ!" 'ನೀವು' ಹಾರಿಹೋಗಿತ್ತು. ಅಳಿಯ ಅದನ್ನು ಗಮನಿಸಿದ, ಆದರೆ ಬೇಜಾರು ಮಾಡಿಕೊಳ್ಳಲಿಲ್ಲ. ಜೇಬಿನಿಂದ ಫೋನು ತೆಗೆದ.

"ಜಗಳ ಯಾಕೆ ಅತ್ತೆ? ಪೈಪು ಎಷ್ಟುದ್ದ ಅಂತ ನಾವು ವಾದ ಮಾಡ್ತಾ ಕೂರಲ್ಲ, ಟೇಪು ಹಿಡೀತೀವಿ. ಅವತ್ತು ಹೇಗೆ ಮಾಡಿದ್ರೋ ಹಾಗೇ ಮಾಡಿ. ಸಮಯ ನಾನು ನೋಡ್ತೀನಿ. ಇವಳಿಗೂ ಸಮಾಧಾನ ಆಗ್ಲಿ."

"ನಾಟಕ ಆಡ್ಬೇಕಾ ನಾನು?"

"ಮಾಡು," ಎಂದಳು ಮಗಳು. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಿದ್ದಳು. "ಇಪ್ಪತ್ತೆಂಟು ವರ್ಷ ಮಾಡಿದ್ದೀಯಲ್ಲ. ಮಾಡು."

ಹಲಗೆಯ ಮೇಲೆ ಜ್ವರದ ಔಷಧಿ ಕುಡಿಸುವ ಪ್ಲಾಸ್ಟಿಕ್ ಸಿರಿಂಜು ಬಿದ್ದಿತ್ತು. ಕೋಪದಲ್ಲಿ ಸೂಜಿಯಮ್ಮ ಅದನ್ನು ಕಸಿದುಕೊಂಡಳು, ಟೋಪಿ ಕಂಕುಳಿಗೆ ಹೋಯಿತು. ಆದರೆ ಸಿರಿಂಜು ಹಿಡಿದದ್ದೇ ತಡ, ಅವಳ ಕೈಗೆ ಕೋಪ ಮರೆತುಹೋಯಿತು. ಹೆಬ್ಬೆರಳು ತಾನಾಗಿ ಹಿಂದಕ್ಕೆ ಹೋಯಿತು. ಎಡಗೈಯ ಎರಡು ಬೆರಳು ಇಲ್ಲದ ತಲೆಯೊಂದನ್ನು ಹಿಡಿದುಕೊಂಡವು, ಕಿತ್ತಳೆಹಣ್ಣಿನಷ್ಟು ದೊಡ್ಡ ತಲೆ.

"ಕಂದಾ," ಎಂದಳು. ಮೂರನೇ ದಿನ ಅವನಿಗಿನ್ನೂ ಹೆಸರಿರಲಿಲ್ಲ. "ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ."

ಸಿರಿಂಜು ಗಾಳಿಯಲ್ಲಿ ಮೂರು ಸಲ ಅಲುಗಿತು.

"ಏಳು ಸೆಕೆಂಡು," ಎಂದ ಅಳಿಯ.

"ನೋಡ್ದ್ಯಾ?" ಸೂಜಿಯಮ್ಮನ ಧ್ವನಿಗೆ ಜೀವ ಬಂತು. "ಏಳು! ಇದಕ್ಕೆ ಇಷ್ಟು ರಂಪಾಟ ಮಾಡ್ದೆ!"

ಮಗಳು ಅವಳ ಹತ್ತಿರ ಬಂದಳು, ಮುಖಕ್ಕೆ ಮುಖ ತಾಗುವಷ್ಟು. ಅವಳ ಹೆಗಲ ಮೇಲಿನ ಮಗು ಅಜ್ಜಿಯನ್ನು ನೋಡಿ ಅಳು ನಿಲ್ಲಿಸಿ ಕೈಚಾಚಿತು.

"ಒಂದು," ಎಂದಳು ಮಗಳು. ನಿಧಾನವಾಗಿ ಉಸಿರೆಳೆದಳು. "ಎರಡು."

"ಏನೇ ಇದು?"

"ಮೂರು. ನಾಲ್ಕು."

ಮಗು ಅಜ್ಜಿಯ ಕಾಲರು ಹಿಡಿದು ಎಳೆಯಿತು.

"ಐದು."

"ಸಾಕು!" ಸೂಜಿಯಮ್ಮ ಹಿಂದೆ ಸರಿದಳು. "ಸಾಕು ನಿಲ್ಸು!"

"ಐದಕ್ಕೇ ಸಾಕಾಯ್ತಾ? ಇನ್ನೂ ಎರಡಿದೆ. ಅವನ ಎದೆ ನಿಂತಿತ್ತು, ನೀನು ಮಾತಾಡ್ತಿದ್ದೆ."

ಆಗ ಸೂಜಿಯಮ್ಮನಿಗೆ ಬಂದ ಸಿಟ್ಟು ಮಗಳ ಮೇಲಲ್ಲ. ಅದು ಮೂವತ್ತೆರಡು ವರ್ಷದಷ್ಟು ಹಳೆಯದು. ಬಾಯಿಗೆ ಸಿಕ್ಕಿದ್ದು ಮಾತ್ರ ಮಗಳು.

"ನಿನಗೊಬ್ಬ ಅಣ್ಣ ಇದ್ದ," ಎಂದಳು.

"ಗೊತ್ತು. ಹುಟ್ಟಿದಾಗಿನಿಂದ ಕೇಳ್ತಿದ್ದೀನಿ. ಗೋಡೆಯಾಚೆ ಅಣ್ಣ."

"ಇನ್ನೊಂದ್ಸಲ ಕೇಳು! ಎರಡು ದಿನ ಬದುಕಿದ್ದ. ಪಾದ್ರಿಗೆ ಹೇಳಿ ಕಳಿಸಿದ್ರೆ ಭಾನುವಾರ ತನ್ನಿ ಅಂದ. ಭಾನುವಾರಕ್ಕೆ ಅವನು ಇರಬೇಕಲ್ಲ! ನನಗೆ ಆಗ ಗೊತ್ತಿರ್ಲಿಲ್ಲ, ನಾನೇ ಹಾಕ್ಬಹುದು ಅಂತ ಯಾರೂ ಹೇಳ್ಲಿಲ್ಲ. ಕೊಡ ತುಂಬ ನೀರಿತ್ತು ಮನೇಲಿ. ಒಂದು ಬೊಗಸೆ ಸಾಕಿತ್ತು. ನೀರು ಬೀಳದ ಮಗು ಅಂತ ಸ್ಮಶಾನದ ಗೋಡೆಯಾಚೆ, ಕಸ ಸುಡೋ ಜಾಗದ ಪಕ್ಕ ಹೂತ್ರು. ಈಗ ಬಂದಿರೋ ಹೊಸ ಪಾದ್ರಿ ಹೇಳ್ತಾನೆ, 'ಅಮ್ಮಾ, ಈಗ ಹಾಗೆಲ್ಲ ಇಲ್ಲ, ದೇವರ ಕರುಣೆ ದೊಡ್ಡದು.' ದೊಡ್ಡದಾಗಿದ್ರೆ ಅವತ್ತು ಎಲ್ಲಿ ಹೋಗಿತ್ತು? ಹಾಗಾದ್ರೆ ಅಗೆದು ಒಳಗೆ ತಂದು ಮಲಗ್ಸಿ ಸ್ವಾಮಿ ಅಂದೆ. ಮೇಲಿನವರಿಗೆ ಕಾಗದ ಬರೀತೀನಿ ಅಂದ. ಇನ್ನೂ ಬರೀತಾನೇ ಇದ್ದಾನೆ!"

ಅಳಿಯ ತಲೆ ತಗ್ಗಿಸಿದ. ಮಗಳು ತಗ್ಗಿಸಲಿಲ್ಲ.

"ನಿನ್ನ ಸಿಟ್ಟು ನ್ಯಾಯವೇ," ಎಂದಳು. ಧ್ವನಿ ಇಳಿದಿತ್ತು, ಅದು ಇನ್ನೂ ಕೆಟ್ಟದಾಗಿತ್ತು. "ಆ ಪಾದ್ರಿ ಮೇಲೆ ತೀರಿಸ್ಕೋಬೇಕಿತ್ತು. ಈಗ ಒಂದೇ ಒಂದು ಕೇಳ್ತೀನಿ. ಸುಳ್ಳು ಹೇಳ್ಬೇಡ, ನಿನಗೆ ಅದು ಬರೋದೂ ಇಲ್ಲ. ಬೇರೆಯವರ ಮಕ್ಕಳಿಗೆ ಯಾವುದು ಮೊದಲು?"

ಸೂಜಿಯಮ್ಮ ಸಿರಿಂಜಿನ ಹಿಡಿಯನ್ನು ಒಳಗೆ ಒತ್ತಿದಳು.

"ಮದ್ದು ಮೊದಲೋ, ನೀರು ಮೊದಲೋ? ಇಪ್ಪತ್ತೆಂಟು ವರ್ಷದಲ್ಲಿ?"

ಆ ವಾರ್ಡಿನಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಸೂಜಿಯಮ್ಮನೇ ಹಾಕಿದ್ದು. ಹೊಸದಾಗಿ ಬಂದ ನರ್ಸುಗಳಿಗೆ ಮೊದಲ ದಿನವೇ ಹೇಳುತ್ತಿದ್ದಳು: ಮೊದಲು ಉಸಿರು, ಆಮೇಲೆ ಮದ್ದು, ಡಾಕ್ಟರು ಇನ್ನು ಸಾಕು ಅಂದು ಕೈ ತೆಗೆದ ಮೇಲೆ ನೀರು, ಅದೂ ಹೆತ್ತವಳು ಹೂಂ ಅಂದರೆ. ಅದಕ್ಕಿಂತ ಮೊದಲು ಯಾರಾದರೂ ಸಿರಿಂಜು ಹಣೆಯ ಹತ್ತಿರ ತಂದರೆ ಕೈ ಮುರಿಯುತ್ತೇನೆ. ಒಬ್ಬ ಭಕ್ತಿಯ ಹುಡುಗಿ ಹಾಗೆ ಮಾಡಹೋಗಿ ಬೈಗುಳ ತಿಂದು ಬಿಕ್ಕಿಬಿಕ್ಕಿ ಅತ್ತದ್ದೂ ಉಂಟು. ನೀರಿಗೆ ದೇವರು ಕಾಯುತ್ತಾನೆ, ಮದ್ದಿಗೆ ಎದೆ ಕಾಯಲ್ಲ ಎಂದಿದ್ದಳು ಆವತ್ತು. ಹಾಗೆಂದವಳು ಅವಳೇ.

"ಮದ್ದು," ಎಂದಳು ಸೂಜಿಯಮ್ಮ.

"ಎಲ್ಲರಿಗೂ?"

"ಎಲ್ಲರಿಗೂ."

"ಇವನೊಬ್ಬನನ್ನ ಬಿಟ್ಟು."

"ಇವನೊಬ್ಬನನ್ನ ಬಿಟ್ಟು." ಸಿರಿಂಜು ಇನ್ನೂ ಅವಳ ಮುಷ್ಟಿಯಲ್ಲಿತ್ತು. "ಕೈ ಕೇಳ್ಲಿಲ್ಲ ಕಣೇ. ನೀಲಿ ಮುಖ ನೋಡ್ದೆ, ಆ ಗೋಡೆ ಕಾಣಿಸ್ತು. ನಿನ್ನ ಮಗ ಅಂತ ಕಾಣಿಸ್ಲಿಲ್ಲ, ಮಗು ಅಂತಲೂ ಕಾಣಿಸ್ಲಿಲ್ಲ. ಗೋಡೆ ಕಾಣಿಸ್ತು."

ಮಿಷನ್ನಿನ ಚಕ್ರಕ್ಕೆ ಅಳಿಯನ ಮೊಣಕಾಲು ತಾಗಿ, ಅದು ಅರ್ಧ ಸುತ್ತು ತಿರುಗಿ ಅಂಗಿಯಲ್ಲಿ ಎರಡು ಹೊಲಿಗೆ ಹಾಕಿ ನಿಂತಿತು. ಅವನು "ಹೋಗ್ಲಿ ಬಿಡೇ, ಮಗು ಉಳೀತಲ್ಲ," ಎಂದ.

"ನೀವು ಸುಮ್ಮನಿರಿ." ಮಗಳು ಹಲಗೆಯ ಖಾನೆ ಎಳೆದಳು. ಬಟ್ಟೆಗೆ ಗೆರೆ ಹಾಕುವ ಪೆನ್ಸಿಲಿನ ಜೊತೆ ಇಟ್ಟಿದ್ದ ರಬ್ಬರು ತೆಗೆದು ಕಾರ್ಡಿನ ಮೇಲಿಟ್ಟಳು. "ಅಳಿಸು."

"ಏನು?"

"ಆ ಶಿಲುಬೆ. ನೀನೇ ಬರೆದದ್ದು, ನೀನೇ ಅಳಿಸು. ಮತ್ತೆ ಇವನಿಗೆ ಯಾವತ್ತೂ ಹೇಳಲ್ಲ ಅಂತ ನನಗೆ ಮಾತು ಕೊಡು. ಹತ್ತು ವರ್ಷಕ್ಕೂ ಹೇಳ್ಬಾರ್ದು, ಇಪ್ಪತ್ತಕ್ಕೂ ಹೇಳ್ಬಾರ್ದು, ಸಾಯೋವಾಗ್ಲೂ ಹೇಳ್ಬಾರ್ದು. ಅವನು ದೊಡ್ಡವನಾಗಿ ತಾನೇ ನಂಬಿ ತೊಟ್ಟಿಗೆ ಇಳೀಲಿ, ಇಳಿಯದೇ ಇರ್ಲಿ, ಅದು ಅವನ ಮೊದಲನೇ ನೀರಾಗಿರ್ಬೇಕು. ಇಷ್ಟು ಮಾಡು. ನಾನು ಇದನ್ನೆಲ್ಲ ನುಂಗ್ಕೋತೀನಿ. ಗುರುವಾರ ಬಾ, ಹೋಗು, ಎತ್ಕೋ, ಆಡ್ಸು. ಒಂದು ಮಾತೂ ಎತ್ತಲ್ಲ."

ಸೂಜಿಯಮ್ಮ ರಬ್ಬರನ್ನು ನೋಡಿದಳು. ಹಸಿರು ಬಣ್ಣದ ಸವೆದ ಚೂರು. ಮಗು ಅವಳ ಕಡೆಗೇ ಜೋಲುತ್ತಿತ್ತು. ಅವಳ ಕುತ್ತಿಗೆಯ ವಾಸನೆ ಅದಕ್ಕೆ ಗೊತ್ತು. ಒಂದು ಕ್ಷಣ, ಬರೀ ಒಂದು ಕ್ಷಣ, ಅವಳ ಬೆರಳು ರಬ್ಬರಿನ ಮೇಲೆ ಹೋಯಿತು. ಅದನ್ನು ಕಂಡು ಮಗಳ ಮುಖ ಸಡಿಲವಾಯಿತು.

ಆದರೆ ವಾರ್ಡಿನಲ್ಲಿ ರಬ್ಬರಿಲ್ಲ. ಇಪ್ಪತ್ತೆಂಟು ವರ್ಷದಿಂದ ಇಲ್ಲ. ಒಂದು ಸಲ ಕಲಿಯಲು ಬಂದವಳೊಬ್ಬಳ ಜೇಬಿನಲ್ಲಿ ರಬ್ಬರು ಕಂಡು ಸೂಜಿಯಮ್ಮ ಅದನ್ನು ಕಿಟಕಿಯಾಚೆ ಎಸೆದಿದ್ದಳು. ಅದು ಕೆಳಗೆ ದೊಡ್ಡ ಡಾಕ್ಟರ ಬೋಳುತಲೆಗೆ ಬಿದ್ದದ್ದು ಆಸ್ಪತ್ರೆಗೆಲ್ಲ ಗೊತ್ತು. ತಪ್ಪು ಬರೆದರೆ ಒಂದು ಗೆರೆ ಎಳೆ, ಕೆಳಗಿರುವುದು ಓದುವ ಹಾಗಿರಲಿ, ಪಕ್ಕದಲ್ಲಿ ಸಹಿ ಹಾಕು. ಮಾಡಿದ್ದನ್ನು ಮಾಡಿಲ್ಲ ಎನ್ನಬೇಡ, ಮಾಡದ್ದನ್ನು ಮಾಡಿದೆ ಎನ್ನಬೇಡ.

ಅವಳು ಸಿರಿಂಜನ್ನು ಹಲಗೆಯ ಮೇಲಿಟ್ಟು ರಬ್ಬರನ್ನು ಬದಿಗೆ ತಳ್ಳಿದಳು. ಎದೆಯ ಜೇಬಿನಿಂದ ಪೆನ್ನು ತೆಗೆದಳು. ಬಗ್ಗಿ, ಶಿಲುಬೆಯ ಪಕ್ಕದ ಖಾಲಿ ಜಾಗದಲ್ಲಿ, ಮೊಳೆ ಹೊಡೆದಂಥ ಅಕ್ಷರದಲ್ಲಿ ಬರೆದಳು: *ಮೊದಲು ನೀರು, ಆಮೇಲೆ ಮದ್ದು. ಏಳು ಸೆಕೆಂಡು ತಡ. ತಾಯಿಯನ್ನು ಕೇಳಲಿಲ್ಲ. ತಪ್ಪು ನನ್ನದು.* ಕೆಳಗೆ ಸಹಿ ಹಾಕಿ ಇವತ್ತಿನ ತಾರೀಖು ಬರೆದಳು.

ಮಗಳು ಓದಿದಳು. ಸಡಿಲವಾಗಿದ್ದ ಮುಖ ಮತ್ತೆ ಬಿಗಿಯಿತು.

"ಇದನ್ನ ಅವನು ಓದ್ತಾನೆ."

"ಓದ್ಲಿ ಅಂತಲೇ ಬರೆದದ್ದು. ಅವನದು ಅವನೇ ತೀರ್ಮಾನ ಮಾಡ್ಲಿ ಅಂತೀರಲ್ಲ, ಮಾಡ್ಲಿ. ಅರ್ಧ ಮುಚ್ಚಿಟ್ಟು ಉಳಿದರ್ಧ ತೋರ್ಸಿದ್ರೆ ಅದು ಯಾವ ಸೀಮೆ ತೀರ್ಮಾನ? ನಾನು ತಪ್ಪು ಮಾಡಿದ್ದು ಹೌದು. ತಡ ಮಾಡಿದ್ದು ತಪ್ಪು, ಕೇಳ್ದೇ ಇದ್ದದ್ದು ತಪ್ಪು. ನೀರು ಹಾಕಿದ್ದು ತಪ್ಪು ಅಂತ ನಾನು ಹೇಳಲ್ಲ. ತಲೆ ಹೋದ್ರೂ ಹೇಳಲ್ಲ. ಅದು ಬಿದ್ದಾಯ್ತು. ನಿಮ್ಮ ತೊಟ್ಟೀಲಿ ನೂರು ಸಲ ಮುಳುಗ್ಸಿ, ಅವನ ಮೈ ಒದ್ದೆ ಆಗುತ್ತೆ."

"ಹೊರಡು," ಎಂದಳು ಮಗಳು.

"ಏ, ಏನೇ ಇದು," ಎಂದು ಅಳಿಯ ಎದ್ದ. ಪೆಟ್ಟಿಗೆಯೊಳಗೆ ಸ್ಪ್ಯಾನರುಗಳು ಗಲಗಲ ಎಂದವು. "ಅತ್ತೆ, ಕೂತ್ಕೊಳ್ಳಿ. ಚಹಾ ಇಡ್ತೀನಿ. ಇಬ್ಬರೂ ಸ್ವಲ್ಪ..."

"ಹೊರಡು ಅಂದೆ. ಆ ಮಾತು ಕೊಡೋವರೆಗೂ ಈ ಹೊಸಿಲು ತುಳೀಬೇಡ."

"ಕೊಡಲ್ಲ."

"ಹಾಗಾದ್ರೆ ತುಳೀಬೇಡ."

"ತುಳಿಯಲ್ಲ!" ಎಂದಳು ಸೂಜಿಯಮ್ಮ. ಪೆನ್ನನ್ನು ಜೇಬಿಗೆ ಸಿಕ್ಕಿಸಿದಳು, ಮೊದಲ ಸಲಕ್ಕೆ ಸಿಕ್ಕಲಿಲ್ಲ, ಎರಡನೆಯ ಸಲಕ್ಕೆ ಸಿಕ್ಕಿತು. ಹಣೆಯ ಮೇಲೆ ಕೈಯಿಟ್ಟು ಮಗುವಿನ ಜ್ವರ ನೋಡಿದಳು. ಅದನ್ನು ಮಾಡದೆ ಅವಳ ಕೈ ಯಾವ ಮಗುವಿನ ಹತ್ತಿರದಿಂದಲೂ ಬಂದದ್ದಿಲ್ಲ. "ಸ್ವಲ್ಪ ಬೆಚ್ಚಗಿದೆ. ಔಷಧಿ ಆರು ಗಂಟೆಗೆ ಇನ್ನೊಂದು ಸಲ. ತೊಡೆ ಉಜ್ಜಬೇಡ." ಚಪ್ಪಲಿ ಕಾಲಲ್ಲೇ ಇತ್ತು, ಬಿಟ್ಟೇ ಇರಲಿಲ್ಲ.

ಮೆಟ್ಟಿಲಿಳಿದು ಬೀದಿಗೆ ಬಂದಳು. ಹಿಂದಿನಿಂದ ಅಳಿಯ "ಅತ್ತೆ! ಅತ್ತೆ!" ಎಂದು ಕೂಗಿದ. ಮಗುವಿನ ಅಳು ಎರಡು ಮನೆಯವರೆಗೆ ಕೇಳಿಸಿತು, ಆಮೇಲೆ ಬಸ್ಸುಗಳ ಹಾರನ್ ಸದ್ದು ಅದನ್ನು ನುಂಗಿತು. ಎದುರು ಬಂದ ಹಣ್ಣಿನ ಗಾಡಿಯವನು "ದಾರಿ ಬಿಡಮ್ಮ" ಎಂದದ್ದಕ್ಕೆ "ನಿನ್ನಪ್ಪನ ರಸ್ತೆಯಾ?" ಎಂದು ಬೈದಳು. ಅವನು ಬೆಪ್ಪಾಗಿ ಗಾಡಿಯನ್ನು ಬದಿಗೆ ಎಳೆದ.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಾಗ ಕಂಕುಳಲ್ಲಿ ಮೆತ್ತಗೆ ಏನೋ ಇರುವುದು ಗೊತ್ತಾಯಿತು. ಟೋಪಿ. ಊಟದ ಬಿಡುವಿನಲ್ಲಿ ಹನ್ನೆರಡು ದಿನ ಕೂತು ಹೆಣೆದದ್ದು. ಕೊಡುವುದೇ ಮರೆತುಹೋಗಿತ್ತು. ತಿರುಗಿ ಹೋದರೆ ಐದು ನಿಮಿಷದ ದಾರಿ. ಟೋಪಿ ಕೊಡಲು ಬಂದೆ ಎಂದರೆ ಯಾವ ಮಗಳು ಬಾಗಿಲು ಹಾಕಿಯಾಳು? ಬಾಗಿಲು ತೆರೆದರೆ ರಬ್ಬರು ಇನ್ನೂ ಹಲಗೆಯ ಮೇಲೇ ಇರುತ್ತದೆ.

ಬಸ್ಸು ಬಂತು. ಸೂಜಿಯಮ್ಮ ಟೋಪಿಯನ್ನು ಚೀಲಕ್ಕೆ ತುರುಕಿ ಹತ್ತಿದಳು. ಕಿಟಕಿಯ ಸೀಟು ಖಾಲಿಯಿತ್ತು. ಮಗಳ ಬೀದಿ ಕಾಣದ ಬದಿಯಲ್ಲಿ ಕೂತಳು.